ಧಾತು ಬರ, ಎಪ್ಪತ್ತಾರರ ಕ್ಷಾಮ

ಪ್ಲವಂಗ ಸಂವತ್ಸರ, ಕಾರ್ತೀಕ ಮಾಸದ ಒಂದು ಭಾನುವಾರ. ದೀಪ ಹಚ್ಚುವ ಹೊತ್ತು. ನಂಜನಗೂಡಿನ ನಮ್ಮ ಮನೆಯಲ್ಲಿದ್ದವರು ಅಜ್ಜಿ, ಅಣ್ಣ ಮತ್ತು ನಾನು. ಅಜ್ಜಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಮರುದಿನ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಚರಿತ್ರೆಯ ಪಾಠ ಒಪ್ಪಿಸಲು ಮೇಷ್ಟ್ರು ನನ್ನನ್ನು ಆರಿಸಿದ್ದರು. ಮೇಲಿನ ತರಗತಿಯ ಅಣ್ಣ ತಪ್ಪು ಹಿಡಿಯಲು ಎದುರಿಗೆ ಕೂತಿದ್ದ.

ಕೈಕಟ್ಟಿ ನಿಂತು ಶುರುಮಾಡಿದೆ. "ಸಾವಿರದ ಎಂಟುನೂರ ಎಪ್ಪತ್ತಾರನೇ ಇಸವಿಯಲ್ಲಿ ಮಹಾಕ್ಷಾಮ ಬಂದಿತು. ಸರ್ಕಾರದವರು ಗಂಜಿಮನೆಗಳನ್ನು ತೆರೆದರು. ಅಲ್ಲಿಗೆ ಬಂದವರು ಯಾರೂ ಹಸಿವಿನಿಂದ ಸಾಯಲಿಲ್ಲ."

ಅಜ್ಜಿ ತಲೆಯೆತ್ತಿದಳು. ಅವಳಿಗೆ ಸಮಾಧಾನವಾಗಲೆಂದು, "ಇದು ನಿನ್ನ ಧಾತು ಬರ ಅಲ್ಲಜ್ಜೀ, ಬೇರೆ" ಎಂದೆ.

ಹಾಗೆಂದೇ ನಂಬಿದ್ದೆ. ಅಜ್ಜಿ ಹದಿನಾರು ಎಂಬ ಊರಿನಲ್ಲಿದ್ದಾಗ ಬಂದ ಧಾತು ಬರದಲ್ಲಿ ಅಪ್ಪನ ತಂಗಿ ತೀರಿಕೊಂಡಿದ್ದಳು, ಇನ್ನೂ ಮಗು. ಪಾಠದ ಕ್ಷಾಮದಲ್ಲಿ ಎಲ್ಲರಿಗೂ ಗಂಜಿ ಸಿಕ್ಕಿತ್ತು. ಎರಡೂ ಒಂದೇ ಆಗುವುದು ಹೇಗೆ? ಆ ಅತ್ತೆ ಪಾಠದ ಕ್ಷಾಮದಲ್ಲಿ ಹುಟ್ಟಿದ್ದರೆ ಬದುಕುತ್ತಿದ್ದಳು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ.

ಅಣ್ಣ ನಕ್ಕ. "ಪೆದ್ದೀ, ಎರಡೂ ಒಂದೇ ಕಣೇ! ಧಾತು ಸಂವತ್ಸರ ಅಂದ್ರೇನೇ ಎಪ್ಪತ್ತಾರನೇ ಇಸ್ವಿ. ಓಗಿ ಪಂಚಾಂಗದೋರ್ನ ಕೇಳು."

ನಾನು ಅಜ್ಜಿಯ ಕಡೆ ತಿರುಗಿದೆ. "ಅಂಗಾದ್ರೆ ಗಂಜಿಮನೆ ಇತ್ತಲ್ಲಜ್ಜೀ! ಅತ್ತೇನ ಯಾಕೆ ಕರ್ಕೊಂಡೋಗ್ನಿಲ್ಲ?"

ಜರಡಿ ನಿಂತಿತು. ಅಣ್ಣನ ನಗುವೂ ನಿಂತಿತು.

"ಓಗಿದ್ದೆ ಕಣವ್ವ" ಎಂದಳು ಅಜ್ಜಿ. "ಊರಿಂದ ಸೊಂಟದ ಮ್ಯಾಲೆ ಕೂರಿಸ್ಕೊಂಡು ಇಲ್ಲಿಗೇ ಬಂದೆ, ಈ ಒಳೆದಡಕ್ಕೆ. ಗಂಜಿ ಉಯ್ದ್ರು. ಗುಟುಕು ಗುಟುಕಾಗಿ ಕುಡ್ಸವ್ವ, ಒಟ್ಟೆ ಒಣಗೈತೆ ಅಂದ್ರು. ಕೂಸು ಇನ್ನೂ ಬೇಕು ಅಂತ ನನ್ನ ಕೈ ಇಡ್ಕೊಂಡ್ತು. ಎಷ್ಟು ದಿನ ಆಗಿತ್ತೋ ಅದು ಬಾಯ್ಬುಟ್ಟು ಕೇಳಿ. ಬ್ಯಾಡ ಅನ್ನಕ್ಕಾಗ್ನಿಲ್ಲ. ನನ್ನ ಪಾಲೂ ಕುಡಿಸ್ಬುಟ್ಟೆ. ಒಟ್ಟೆ ತಡೀನಿಲ್ಲ. ಬೆಳಗಾಗಕ್ ಮುಂಚೇನೇ ಓಯ್ತು."

ನನಗೆ ಅಳು ಬಂತು. "ನಾಳೆ ಆ ಕೊನೇ ಮಾತು ಬುಟ್ಬುಡ್ತೀನಿ ಅಜ್ಜೀ."

"ಯಾಕ್ ಬುಟ್ಟೀಯೆ? ನಿಮ್ ಮೇಷ್ಟ್ರು ಏಳಿರೋದು ದಿಟಾನೇ. ನನ್ನ ಕೂಸು ಅಸ್ಕೊಂಡು ಸಾಯ್ನಿಲ್ಲ."

ಇನ್ನೊಂದು ಸಲ ಒಪ್ಪಿಸು ಎಂದಳು. ಒಪ್ಪಿಸಿದೆ. ಅಣ್ಣ ತಪ್ಪು ಹಿಡಿಯಲಿಲ್ಲ. ಅವನು ನೆಲ ನೋಡುತ್ತಿದ್ದ. ಅಜ್ಜಿ ಉಳಿದ ಹಿಟ್ಟನ್ನೂ ಜರಡಿ ಹಿಡಿದು, ಮಡಕೆಗೆ ತುಂಬಿ, ಬಾಯಿ ಮುಚ್ಚಿ, ಜರಡಿಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿದಳು.