ಬಾಲ್‌ಪೆನ್ನಿನ ಗೆರೆಯೊಳಗೆ ನನ್ನ ಹೆಸರು

ಆ ರವಿವಾರ ನಮ್ಮ ಮನೆಯವರು ಗೋಕಾಕದಿಂದ ಬಂದವರು ಬೈಕು ನಿಲ್ಲಿಸಿ, ಎಡಗೈಯನ್ನು ಎದೆಗೆ ಆನಿಸಿಕೊಂಡೇ ಒಳಗೆ ಬಂದರು. ಎಲ್ಲಾದರೂ ಬಿದ್ದರೇನೋ ಎಂದು ಹೊಲಿಗೆ ಮಷಿನ್ ಬಿಟ್ಟು ಎದ್ದೆ. ಅವರು ಅಂಗಿಯ ತೋಳು ಮಡಚಿದರು. ಮೊಣಕೈ ಮತ್ತು ಮಣಿಕಟ್ಟಿನ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುತ್ತಿತ್ತು. ಅದರ ಕೆಳಗೆ ಕರ್ರಗೆ, ದಪ್ಪ ಅಕ್ಷರಗಳಲ್ಲಿ 'ಯಶೋಧರಾ' ಎಂದು ಹಚ್ಚೆ ಹಾಕಿಸಿಕೊಂಡಿದ್ದರು. ಅದು ನನ್ನ ಹೆಸರು.

ಐವತ್ತೊಂದು ವರ್ಷದ ಗಂಡಸು. ಮಗಳು ಕಾಜಲ್ ಸಂಕೇಶ್ವರಕ್ಕೆ ಮದುವೆಯಾಗಿ ಹೋಗಿದ್ದಾಳೆ, ಇನ್ನೆರಡು ತಿಂಗಳಿಗೆ ಇವರು ಅಜ್ಜ ಆಗುವವರು. ಈ ವಯಸ್ಸಿನಲ್ಲಿ ಇದೇನು ಹುಡುಗಾಟ?

"ನಾಚಿಕಿ ಅನ್ನೂದು ಐತೋ ಇಲ್ಲೋ ನಿಮಗ? ನಾಳಿ ಮಂದಿ ನನ್ನ ಮಾರಿ ನೋಡಿ ನಕ್ಕರ ಏನ್ ಹೇಳ್ಲಿ?" ಎಂದೆ.

"ಯಾಕ, ಚಂದ ಆಗಿಲ್ಲೇನು?" ಎಂದರು ಅಷ್ಟೇ.

ಚಂದ ಆಗಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಇವರ ಹೆಸರು ಲಖನ. ಲಖನ ಎಂದರೆ ಹಿಡಕಲ್ ಸುತ್ತಮುತ್ತ ಕಾಲುವೆ ನೀರು ಉಣ್ಣುವ ರೈತರಿಗೆಲ್ಲ ಗೊತ್ತು. ಕಾಲುವೆಯ ಗೇಟು ಎತ್ತಿ ಇಳಿಸಿ, ಪಾಳಿ ಪ್ರಕಾರ ಹೊಲಗಳಿಗೆ ನೀರು ಬಿಡುವ ನೀರಗಂಟಿ ಇವರು. ಹದಿನೆಂಟು ವರ್ಷ ದಿನಗೂಲಿ ಮಾಡಿ ಆಮೇಲೆ ಕಾಯಂ ಆದವರು. ನೀರು ಕಡಿಮೆ ಬಂದರೆ ಕೆಳಗಿನ ಹೊಲದವರು ಬೈಯುತ್ತಾರೆ, ಹೆಚ್ಚು ಬಂದರೆ ಮೇಲಿನ ಹೊಲದವರು ಬೈಯುತ್ತಾರೆ. ಇವರು ಯಾರಿಗೂ ತಿರುಗಿ ಒಂದು ಮಾತು ಆಡುವುದಿಲ್ಲ. ಆಡಬೇಕಾದ ಮಾತನ್ನೆಲ್ಲ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ.

ಇಂಥ ಬಡಪಾಯಿಗೆ ಒಂದೇ ಒಂದು ಚಾಳಿ. ಹೊಸ ವಸ್ತು ಹೊಸದಾಗಿಯೇ ಇರಬೇಕು. ಟಿವಿಯ ರಿಮೋಟು ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ಕವರಿನೊಳಗೇ ಇದೆ, ಒತ್ತಿ ಒತ್ತಿ ನನ್ನ ಹೆಬ್ಬೆರಳು ದಡ್ಡುಗಟ್ಟಿದೆ. ಬೈಕಿನ ಸೀಟಿನ ಹಾಳೆ ಬಿಸಿಲಿಗೆ ಒಣಗಿ ತಾನಾಗಿ ಉದುರುವ ತನಕ ಯಾರಿಗೂ ಮುಟ್ಟಗೊಡಲಿಲ್ಲ. ಫ್ಯಾನಿನ ರೆಕ್ಕೆಗೆ ಅಂಗಡಿಯವನು ಅಂಟಿಸಿದ ಚೀಟಿ ಇವತ್ತಿಗೂ ಗಿರಗಿರ ತಿರುಗುತ್ತಿದೆ.

ನಗಬೇಡಿ. ಇವರ ಅಪ್ಪ ಅವ್ವ ಇಬ್ಬರೂ ದೊಡ್ಡವರ ಹೊಲದಲ್ಲಿ ದುಡಿದವರು. ಆ ಮನೆಯ ಮಗ ಉಟ್ಟು ಬಿಟ್ಟ ಅಂಗಿ ಇವರಿಗೆ, ಓದಿ ಬಿಟ್ಟ ಪುಸ್ತಕ ಇವರಿಗೆ. ಚಪ್ಪಲಿಯಲ್ಲಿ ಬೇರೆಯವರ ಹೆಬ್ಬೆರಳಿನ ಗುಳಿ ಬಿದ್ದಿರುತ್ತಿತ್ತಂತೆ, ಇವರ ಹೆಬ್ಬೆರಳು ಅದರಲ್ಲಿ ಕೂರುತ್ತಲೇ ಇರಲಿಲ್ಲವಂತೆ. ಹತ್ತನೆಯ ತರಗತಿ ಪಾಸಾದಾಗ ಅಣ್ಣ ಹನಮಂತ ಕಬ್ಬು ಕಡಿದ ಪಗಾರದಲ್ಲಿ ಒಂದು ಹೊಸ ಅಂಗಿ ತಂದುಕೊಟ್ಟರು. ಇವರು ಅದನ್ನು ಕವರಿನಿಂದ ತೆಗೆಯದೆ ಮೂರು ದಿನ ತಲೆದಿಂಬಿನ ಕೆಳಗಿಟ್ಟು ಮಲಗಿದರು. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ನಾನು ಅತ್ತಿದ್ದೆ. ಆಮೇಲಿನ ಇಪ್ಪತ್ತೇಳು ವರ್ಷ ಬರೀ ಬೈದಿದ್ದೇನೆ.

ಸೋಮವಾರ "ಆ ಪ್ಲಾಸ್ಟಿಕ್ ಯಾವಾಗ ತಗೀತೀರಿ?" ಎಂದು ಕೇಳಿದೆ.

"ಇರ್ಲಿ ಬಿಡ. ಧೂಳ ಗೀಳ ಕುಂಡ್ರಬಾರದು."

ಹಚ್ಚೆಯ ವಿಷಯ ನನಗೇನು ಗೊತ್ತು? ಹಾಕಿದವನು ಹಾಗೇ ಹೇಳಿರಬೇಕು ಎಂದುಕೊಂಡೆ. ಮಂಗಳವಾರ ಹಾಳೆಯ ಅಂಚು ಬಿಟ್ಟುಕೊಂಡಾಗ ಕರೆಂಟಿನ ಕಪ್ಪು ಟೇಪು ತಂದು ಬಿಗಿಯಾಗಿ ಸುತ್ತಿಕೊಂಡರು. ಕಚೇರಿಯವರ ಕಣ್ಣಿಗೆ ಬೀಳಬಾರದೆಂದು ಮೇಲೆ ತುಂಬುತೋಳಿನ ಅಂಗಿ. ಬೇಸಗೆ ಶುರುವಾಗಿತ್ತು, ಕಾಲುವೆ ದಂಡೆಯಲ್ಲಿ ನಿಂತರೆ ಬೆವರು ಇಳಿಯುವ ಬಿಸಿಲು. ಬುಧವಾರ, ಗುರುವಾರ ಹೀಗೆಯೇ ಕಳೆಯಿತು.

ಶುಕ್ರವಾರ ಬೆಳಿಗ್ಗೆ ಇವರ ತಾಟಿಗೆ ರೊಟ್ಟಿ ಹಾಕಲು ಬಗ್ಗಿದಾಗ ಒಂಥರ ಕೆಟ್ಟ ನಾತ ಬಡಿಯಿತು. ಮೈ ಮುಟ್ಟಿದರೆ ಕೆಂಡದಂತೆ ಸುಡುತ್ತಿತ್ತು. "ಏನಿಲ್ಲ, ಏನಿಲ್ಲ" ಎನ್ನುತ್ತಿದ್ದರು. ಬಿಡುತ್ತೇನೆಯೇ ನಾನು? ಬಟ್ಟೆ ಕತ್ತರಿ ತಂದು ಟೇಪು ಕತ್ತರಿಸಿದೆ. ಹಾಳೆ ಬಿಚ್ಚಿದರೆ ಒಳಗೆಲ್ಲ ಕೀವು, ನೀರು. ಕೈ ಊದಿ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ನನ್ನ ಹೆಸರು ಕೊಳೆಯುತ್ತಿತ್ತು.

"ಈಗಿಂದೀಗ ದವಾಖಾನಿಗೆ ಏಳ್ರಿ" ಎಂದೆ. ಯಾಕೆಂದರೆ ಇವರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಇವರ ಮನೆತನದಲ್ಲೇ ಇದೆ. ಅಣ್ಣ ಹನಮಂತರಿಗೆ ಚಪ್ಪಲಿ ಕಚ್ಚಿದ ಸಣ್ಣ ಗಾಯ, ಎಂಟು ದಿನ ಅರಿವೆ ಕಟ್ಟಿಕೊಂಡು ತಿರುಗಾಡಿದರು. ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಈಗ ಮೂಡಲಗಿಯಲ್ಲಿ ಮನೆಯ ಕಟ್ಟೆ ಮೇಲೆ ಕೂತು, ಹೋಗುವ ಬರುವ ಕಬ್ಬಿನ ಟ್ರ್ಯಾಕ್ಟರ್ ಎಣಿಸುತ್ತಾರೆ. ಆ ಕಾಲು ಹೋದ ದಿನ ನಾನು ಅಲ್ಲೇ ಇದ್ದೆ. ಅದೇ ಇವರ ಕೈಗೂ ಆದರೆ? ಗೇಟಿನ ಚಕ್ರ ತಿರುಗಿಸಲು ಎರಡು ಕೈ ಬೇಕು. ಅದಕ್ಕಿಂತ ಹೆಚ್ಚಾಗಿ, ಗಂಡನ ಕೈಯನ್ನು ನನ್ನ ಹೆಸರೇ ತಿಂದುಹಾಕಿತು ಎಂದು ಜನ್ಮಪೂರ್ತಿ ನಾನು ಹೇಗೆ ಬದುಕಲಿ?

ಹುಕ್ಕೇರಿಯ ಡಾಕ್ಟರಮ್ಮ ಮೊದಲು ಸಕ್ಕರೆ ನೋಡಿದರು. ಮುನ್ನೂರ ಹನ್ನೆರಡು. ಕೈ ತೊಳೆದು, ಸೂಜಿ ಚುಚ್ಚಿ, ಆಮೇಲೆ ಜೇಬಿನಿಂದ ಬಾಲ್‌ಪೆನ್ನು ತೆಗೆದು ಕೆಂಪಾದ ಭಾಗದ ಸುತ್ತ ಒಂದು ಗೆರೆ ಎಳೆದರು. ನನ್ನ ಹೆಸರಿಗೆ ಬೇಲಿ ಹಾಕಿದಂತಾಯಿತು.

"ಬಾಯಾರ, ಈ ಗೆರಿ ಮ್ಯಾಲ ನಿಮ್ಮ ಕಣ್ಣಿರ್ಲಿ. ಕೆಂಪು ಇದನ್ನ ದಾಟಿತಂದ್ರ ಒಂದ ತಾಸೂ ತಡಾ ಮಾಡಬ್ಯಾಡ್ರಿ, ಸೀದಾ ಬೆಳಗಾವಿಗೆ ಹೋಗಬೇಕಾಗ್ತೈತಿ" ಎಂದರು.

"ಕೈ ಉಳೀತೈತೇನ್ರಿ?" ಎಂದು ಕೇಳಿದೆ.

"ಗುಳಿಗಿ ನುಂಗ್ರಿ, ದಿನಾ ಎರಡ ಸಲ ತೊಳೀರಿ, ಗಾಳಿ ಆಡಾಕ ಬಿಡ್ರಿ. ನಾಕ್ ದಿನ ನೋಡೂಣು" ಎಂದರು. ಹೌದು ಎನ್ನಲಿಲ್ಲ. ಅದನ್ನು ನಾನು ಗಮನಿಸಿದೆ.

ಮನೆಗೆ ಬಂದವಳೇ ಹಚ್ಚೆ ಹಾಕಿದ ಶುಭಮ್‌ಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಪಾಪ, ಆ ಹುಡುಗ ಎಲ್ಲ ಕೇಳಿಸಿಕೊಂಡ.

"ಕಾಕು, ನಾಕ್ ತಾಸಿಗೆ ಪ್ಲಾಸ್ಟಿಕ್ ತಗೀರಿ ಅಂತ ಕಾಕಾಗ ಮೂರ ಸಲ ಹೇಳೀನ್ರಿ. ಸಕ್ಕರಿ ಐತೇನು ಅಂತ ಕೇಳಿದ್ರ ಇಲ್ಲ ಅಂದಾರ. ಹೆಂಗ ನೋಡ್ಕೋಬೇಕು ಅಂತ ಬರದ ಚೀಟಿನೂ ಕೊಟ್ಟೇನ್ರಿ."

ಚೀಟಿ ಇವರ ಪಾಕೀಟಿನಲ್ಲೇ ಸಿಕ್ಕಿತು. ಎರಡು ಮಡಿಕೆ ಮಾಡಿ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟಿದ್ದರು. ಓದಿರಲಿಲ್ಲ. ನಾನು ಹಣೆ ಹಣೆ ಬಡಿದುಕೊಂಡೆ.

ಬಾಜೂ ಮನೆಯ ಲಗಮವ್ವ ಸುದ್ದಿ ಕೇಳಿ ಬಟ್ಟಲಲ್ಲಿ ಅರಿಷಿಣ, ಔಡಲೆಣ್ಣೆ ಹಿಡಿದು ಬಂದಳು. ಅವಳ ಎರಡೂ ಕೈಗಳಲ್ಲಿ ಹಸಿರು ಹಚ್ಚೆಯಿದೆ. "ನಮ್ಮ ಕಾಲದಾಗ ಇದನ್ನ ಹಚ್ಚತಿದ್ವಿ ನೋಡವಾ, ಯಾರಿಗೂ ಏನೂ ಆಗಲಿಲ್ಲ" ಎಂದಳು. ಅವಳ ಮುಖ ನೋಡಿ ಬಟ್ಟಲು ತೆಗೆದುಕೊಂಡೆ, ಆದರೆ ಹಚ್ಚಲಿಲ್ಲ. ಕಾಸಿ ಆರಿಸಿದ ನೀರು, ಡಾಕ್ಟರಮ್ಮ ಕೊಟ್ಟ ಸಾಬೂನು, ಮುಲಾಮು, ಇಷ್ಟೇ. ತೊಳೆಯುವ ಹೊತ್ತು ಬಿಟ್ಟರೆ ಒಂದು ಹನಿ ನೀರೂ ಆ ಕೈಗೆ ತಾಗಗೊಡಲಿಲ್ಲ. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಲ್ಲೇ ನಿಂತು "ಕೈ ಮ್ಯಾಲೆತ್ರಿ, ನೀರು ತಾಗಸಬ್ಯಾಡ್ರಿ" ಎಂದು ಕೂಗುತ್ತಿದ್ದೆ. ಲಗಮವ್ವನ ಮನೆಗೂ ಕೇಳುತ್ತಿತ್ತಂತೆ.

ಶನಿವಾರ ಬೆಳಿಗ್ಗೆ ನೋಡಿದರೆ ಮೊಣಕೈ ಕಡೆ ಕೆಂಪು ಗೆರೆಯ ಹತ್ತಿರಕ್ಕೆ ಬಂದಿತ್ತು. ಮುಟ್ಟಿತೋ, ದಾಟಿತೋ? ಚಸ್ಮಾ ಹಾಕಿಕೊಂಡು, ಇವರನ್ನು ಅಂಗಳದ ಬೆಳಕಿಗೆ ಎಳೆತಂದು, ಹೊಲಿಗೆಯ ಟೇಪು ಹಿಡಿದು ಅಳೆದೆ. ಆದರೂ ಖಾತ್ರಿಯಾಗಲಿಲ್ಲ. ಫೋಟೋ ತೆಗೆದು ಡಾಕ್ಟರಮ್ಮನಿಗೆ ಕಳಿಸಿದೆ. "ಮುಟ್ಟೈತಿ, ದಾಟಿಲ್ಲ" ಎಂದು ಉತ್ತರ ಬಂತು.

ಆಗ ನನ್ನ ತಾಳ್ಮೆ ತಪ್ಪಿತು. "ಯಾಂವ ಹೇಳಿದ್ದ ನಿಮಗ ಹಚ್ಚಿ ಹಾಕಿಸ್ಕೋರಿ ಅಂತ? ನಾ ಕೇಳಿದ್ನೇನು? ಯಾಕ ಬೇಕಾಗಿತ್ತು ಇದು?" ಎಂದು ಒದರಿದೆ.

ಇವರು ತಲೆ ತಗ್ಗಿಸಿ ಕೈಯ ಅಕ್ಷರಗಳನ್ನು ನೋಡಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಹೋದ ವರ್ಷ ನಿನ್ನ ಗರ್ಭಕೋಶದ ಆಪರೇಷನ್ ಆತಲ್ಲ. ಹೊರಗ ಬಾಕಿನ ಮ್ಯಾಲ ಕುಂತಿದ್ನಿ. ನರ್ಸಬಾಯಿ ಬಂದು 'ಯಶೋಧರಾ ಕಡೇವ್ರು ಯಾರು' ಅಂತ ಒದರಿದ್ಳು. ಯಾರೋ ಬ್ಯಾರೇದಾಕಿ ಅಂತ ನಾ ಸುಮ್ಕ ಕುಂತ್ನಿ. ಮತ್ತೊಮ್ಮಿ ಒದರಿದ್ಳು, ಆಗೂ ಕುಂತ್ನಿ. ಮೂರನೇ ಸಲಕ್ಕ ಬಾಜೂದಾಂವ 'ನಿಮ್ಮವರ ಹೆಸರೇನ್ರಿ ಕಾಕಾ' ಅಂದಾಗ ನೆನಪಾತು. ರಕ್ತ ತರಾಕ ಕರದಿದ್ರು. ನೀ ಒಳಗ ಹಂಗ ಮಕ್ಕೊಂಡಿದ್ದಿ, ನಾ ಹೊರಗ ಕುಂತು ತಡಾ ಮಾಡಿದ್ನಿ. ಕಣ್ಣಿಗೆ ಕಾಣೂವಲ್ಲೆ ಬರಸ್ಕೊಂಡ್ರ ಮತ್ತೊಮ್ಮಿ ಮರೆಯಂಗಿಲ್ಲ ಅಂತ ಮಾಡಿದ್ನಿ."

ಇಪ್ಪತ್ತೇಳು ವರ್ಷ ನಾನು ಇವರಿಗೆ "ಏ", ಇಲ್ಲವೇ "ಕಾಜಲ್ ಅವ್ವ". ಹೆಸರು ಹಿಡಿದು ಕರೆದದ್ದೇ ಇಲ್ಲ. ನನಗೆ ಸಿಟ್ಟು ಬಂತು, ಅಳು ಬಂತು, ಇವರ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು. ಅಳು ನುಂಗಿಕೊಂಡೆ. ಕೈ ಉಳಿಯುವ ತನಕ ಅಳಬಾರದು ಎಂದು ಮನಸ್ಸು ಗಟ್ಟಿ ಮಾಡಿದ್ದೆ.

"ಅದಕ್ಕ ದಿನಾ ಹೆಸರು ಹಿಡದು ಕರದಿದ್ರ ಸಾಕಾಗಿತ್ತಲ್ಲ. ಸೂಜಿ ಯಾಕ ಬೇಕಿತ್ತು?" ಎಂದೆ.

"ಬಾಯಿಗೆ ಬರಂಗಿಲ್ಲ" ಎಂದರು.

ರವಿವಾರ ಕೆಂಪು ಇದ್ದಲ್ಲೇ ಇತ್ತು. ಸೋಮವಾರ ಬೆಳಿಗ್ಗೆ ಟೇಪು ಹಿಡಿದರೆ ಗೆರೆಗೂ ಕೆಂಪಿಗೂ ನಡುವೆ ಜೋಳದ ಕಾಳಿನಷ್ಟು ಜಾಗ ಬಿಟ್ಟಿತ್ತು. ಮತ್ತೆ ಅಳೆದೆ. ಖರೆ. "ಹಿಂದ ಸರದೈತ್ರೀ!" ಎಂದು ನಾನು ಕೂಗಿದ್ದಕ್ಕೆ ಲಗಮವ್ವ ಏನಾಯಿತೋ ಎಂದು ಓಡಿಬಂದಳು. ಅವಳಿಗೂ ತೋರಿಸಿದೆ. ಅವತ್ತು ಇವರು ಎರಡು ರೊಟ್ಟಿ ಹೆಚ್ಚಿಗೆ ಉಂಡರು, ನಾನೂ ಉಂಡೆ.

ಅಲ್ಲಿಂದ ದಿನಕ್ಕಿಷ್ಟು ದಿನಕ್ಕಿಷ್ಟು ಇಳಿಯಿತು. ಊತ ಹೋಯಿತು, ಕೀವು ನಿಂತಿತು. ಎರಡನೆಯ ವಾರ ಮೇಲಿನ ಸಿಪ್ಪೆ ಕರ್ರಗೆ ಏಳತೊಡಗಿತು. "ಹೊಂಟತು, ನಿನ್ನ ಹೆಸರು ಪೂರಾ ಹೊಂಟತು" ಎಂದು ಇವರು ಮೋರೆ ಸಣ್ಣ ಮಾಡಿಕೊಂಡರು. ಶುಭಮ್‌ಗೆ ಕೇಳಿದರೆ, ಅದು ಉದುರಲೇಬೇಕು, ಕೆರೆಯಬೇಡಿ, ಕೆಳಗಿನ ಬಣ್ಣ ಅಲ್ಲೇ ಇರುತ್ತದೆ ಎಂದ. ಅವನು ಹೇಳಿದಂತೆಯೇ ಆಯಿತು. ಕೊನೆಯ ಅಕ್ಷರ ಮಾತ್ರ ತುಸು ಮಾಸಿತು. ಇಷ್ಟರಲ್ಲಿ ಇವರು ಒಂದು ಹೊಸ ರೂಢಿ ಹಚ್ಚಿಕೊಂಡಿದ್ದರು. ಚಹಾ ಬೇಕಾದರೆ ಅಡುಗೆಮನೆಯ ಬಾಗಿಲಿಗೆ ಬಂದು, ಮಾತಾಡದೆ, ಕೈ ಎತ್ತಿ ಹೆಸರು ತೋರಿಸುತ್ತಿದ್ದರು. ನನಗೆ ನಗು ತಡೆಯುತ್ತಿರಲಿಲ್ಲ.

ಮೂರು ವಾರ ತುಂಬಿದ ಮೇಲೆ ಮತ್ತೆ ಹುಕ್ಕೇರಿಗೆ ಹೋದೆವು. ಡಾಕ್ಟರಮ್ಮ ಕೈಯನ್ನು ಒತ್ತಿ ಒತ್ತಿ ನೋಡಿದರು, ಬೆರಳು ಮಡಚಿಸಿ ಬಿಚ್ಚಿಸಿದರು. ಸಕ್ಕರೆ ನೂರ ಅರವತ್ತಕ್ಕೆ ಇಳಿದಿತ್ತು.

"ಪೂರಾ ಮಾಯ್ದೈತಿ ನೋಡ್ರಿ. ಇನ್ನ ಕೈಗೆ ಏನೂ ಅಂಜಿಕಿ ಇಲ್ಲ" ಎಂದರು.

ಅಷ್ಟು ದಿನ ಹಿಡಿದಿಟ್ಟ ಅಳು ಅಲ್ಲೇ, ಆ ಕುರ್ಚಿಯಲ್ಲೇ ಒಡೆಯಿತು. ಜೀವಕ್ಕೆ ಅಷ್ಟು ಹಗುರವಾಗಿತ್ತು, ಆದರೂ ಅಳು ನಿಲ್ಲುತ್ತಿರಲಿಲ್ಲ. ಇವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಡಾಕ್ಟರಮ್ಮನನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಅದೇ ಎಡಗೈ ಚಾಚಿ ನನ್ನ ಕೆನ್ನೆ ಒರೆಸತೊಡಗಿದರು. ಕಣ್ಣೀರು ಮಣಿಕಟ್ಟಿನ ಮೇಲಿಂದ ಇಳಿದು ಅಕ್ಷರಗಳ ಮೇಲೆ ಹರಿಯಿತು.

ನಾನು ಆ ಕೈಯನ್ನು ಥಟ್ಟನೆ ದೂಡಿದೆ. "ನೀರು ತಾಗಸಬ್ಯಾಡ್ರಿ! ಎಷ್ಟ ಸಲ ಹೇಳಬೇಕ್ರೀ ನಿಮಗ!"

ಡಾಕ್ಟರಮ್ಮ ನಕ್ಕುಬಿಟ್ಟರು. "ತಾಗ್ಲಿ ಬಿಡ್ರಿ ಬಾಯಾರ. ಇನ್ನ ಏನೂ ಆಗಂಗಿಲ್ಲ."

ಇವರು ಮತ್ತೆ ಕೈ ಚಾಚಿದರು. ಈ ಸಲ ನಾನು ಬೇಡ ಅನ್ನಲಿಲ್ಲ.