ಒಲೆಯ ಮುಂದಿನ ಹೊರಗಿನವರು

ನಾನು ನಂಜನಗೂಡಿನ ಹತ್ತಿರದ ಕಳಲೆಯವನು. ನಮ್ಮ ಮನೆಯವರು ತಲೆತಲಾಂತರದಿಂದ ದೇವರಿಗೆ ನೈವೇದ್ಯ ಬೇಯಿಸಿಕೊಂಡು ಬಂದವರು. ಆ ಕಸುಬೇ ನನ್ನನ್ನು ಕೆಲವು ವರ್ಷ ಸಮುದ್ರದಾಚೆಯ ಒಂದು ದೇವಸ್ಥಾನದ ಅಡುಗೆಮನೆಗೆ ಕರೆದುಕೊಂಡು ಹೋಯಿತು. ದೇಶದ ಹೆಸರು ಬೇಡ. ಇವತ್ತು ದುಡ್ಡಿರುವ ದೇಶಗಳದ್ದೆಲ್ಲ ಅದೇ ರಾಗ, ಅದೇ ಹಾಡು.

ಅಲ್ಲಿನ ದೇವಸ್ಥಾನದ ಅಧ್ಯಕ್ಷರು ನಮ್ಮ ಟಿ. ನರಸೀಪುರದ ಕಡೆಯವರೇ. ಹರೆಯದಲ್ಲೇ ಹೋಗಿ, ಅಲ್ಲಿನ ಪ್ರಜೆಯಾಗಿ, ದೊಡ್ಡ ಮನೆ ಕಟ್ಟಿಸಿದವರು. ನನ್ನ ಕೈಯ ಪುಳಿಯೋಗರೆಯನ್ನು ಮೂರನೇ ಸಲ ಹಾಕಿಸಿಕೊಳ್ಳುತ್ತಾ, "ಸಾಕಾಗೋಯ್ತು ಸ್ವಾಮಿ, ಯಾರ್ಯಾರೋ ಬಂದು ತುಂಬ್ಕೋತಿದ್ದಾರೆ. ಈ ಸಲ ಬಾಗಿಲು ಹಾಕೋರಿಗೇ ನನ್ನ ವೋಟು" ಎನ್ನುತ್ತಿದ್ದರು. ಹತ್ತಿದ ಏಣಿಯನ್ನು ಒದೆಯುವುದು ಅಂದರೆ ಇದೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬಡಿಸುತ್ತಿದ್ದೆ. ನನ್ನ ವೀಸಾಕ್ಕೆ ಸಹಿ ಹಾಕಬೇಕಾದವರು ಅವರೇ.

ಅವರು ವೋಟು ಹಾಕಿದವರು ಗೆದ್ದರು. ಹೊಸ ಕಾನೂನು ಬಂತು: ಹೊರಗಿನವನ ವೀಸಾ ಮುಂದುವರಿಸುವ ಮುಂಚೆ ಆ ಕೆಲಸವನ್ನು ಸ್ಥಳೀಯರಿಗೆ ಕೊಟ್ಟು ನೋಡಬೇಕು. ಸರಿ, ದೇವಸ್ಥಾನ ಜಾಹೀರಾತು ಕೊಟ್ಟಿತು. ಪೊಂಗಲ್, ಪುಳಿಯೋಗರೆ ಮಾಡಬಲ್ಲ ಸ್ಥಳೀಯರು ಬೇಕಾಗಿದ್ದಾರೆ! ಯಾರಾದರೂ ಬಂದಾರೆಂದು ನಾನಂತೂ ಅಂದುಕೊಂಡಿರಲಿಲ್ಲ.

ಒಬ್ಬ ಬಂದ. ಎತ್ತರದ ದಪ್ಪ ಮನುಷ್ಯ, ಮುಚ್ಚಿಹೋದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವನು. ಸರ್ಕಾರ ತೋರಿಸಿದ ಕೆಲಸಕ್ಕೆ ಹೋಗದಿದ್ದರೆ ಅವನ ನಿರುದ್ಯೋಗ ಭತ್ಯೆ ನಿಲ್ಲುತ್ತಿತ್ತಂತೆ. ನನ್ನ ಅನ್ನಕ್ಕೆ ಕಲ್ಲು ಹಾಕಲು ಬಂದವನು ಎಂದು ಮನಸ್ಸಿನಲ್ಲೇ ಶಪಿಸಿದ್ದೆ. ನೋಡಿದರೆ ನನಗಿಂತ ಅವನೇ ಹೆಚ್ಚು ಹೆದರಿದ್ದ. ಏಪ್ರನ್ ಒಗೆದು, ಇಸ್ತ್ರಿ ಮಾಡಿಸಿಕೊಂಡು ತಂದಿದ್ದ.

ನಮ್ಮಲ್ಲಿ ನೈವೇದ್ಯದ ಅಡುಗೆಯನ್ನು ದೇವರಿಗೆ ಇಡುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕೈಯ ಅಂದಾಜು. ಅಧ್ಯಕ್ಷರು ಅವನಿಗೆ ಅದನ್ನು ಹೇಳಿರಲಿಲ್ಲ. ಪರೀಕ್ಷೆಗೆಂದು ಅವನಿಗೇ ಒಪ್ಪಿಸಿದ್ದ ಅಂದಿನ ಪೊಂಗಲ್ ಬೇಯುತ್ತಿದ್ದಂತೆ ಅವನು, ಯಾವ ಒಳ್ಳೆಯ ಅಡುಗೆಯವನಾದರೂ ಮಾಡುವಂತೆ, ಸೌಟಿನಲ್ಲಿ ಒಂದಿಷ್ಟು ತೆಗೆದು ಊದಿ ಬಾಯಿಗೆ ಹಾಕಿಕೊಂಡ. ಚೆನ್ನಾಗಿದೆ ಎಂದು ತಲೆಯಾಡಿಸಿ ಸೌಟನ್ನು ಮತ್ತೆ ಪಾತ್ರೆಗೆ ಬಿಟ್ಟ.

"ಎಂಜಲು ಮಾಡ್ಬಿಟ್ಟ! ಆಚೆ ಕಳ್ಸಿ ಅವನ್ನ!" ಅಧ್ಯಕ್ಷರು ಕನ್ನಡದಲ್ಲೊಮ್ಮೆ, ಅವನ ಭಾಷೆಯಲ್ಲೊಮ್ಮೆ ಕಿರುಚಾಡಿದರು. ಅವನು ಏಪ್ರನ್ ಬಿಚ್ಚಿ, "ಕೊಡುವ ಮುಂಚೆ ಚೆನ್ನಾಗಿದೆಯಾ ಅಂತ ನೋಡಬಾರದೇ?" ಎಂದು ನನ್ನನ್ನು ಕೇಳಿ ಹೊರಟುಹೋದ. ತನ್ನ ಊರಿನಲ್ಲೇ ತನ್ನನ್ನು ನಾಯಿಯಂತೆ ಅಟ್ಟಿದರೆಂದು, ತನ್ನನ್ನು ಕಳಿಸಿದ ಸರ್ಕಾರಿ ಕಚೇರಿಗೆ ದೂರು ಕೊಟ್ಟ. ಅವನ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆ.

ಬಂದ ಸ್ಥಳೀಯನನ್ನು ಓಡಿಸಿದ್ದಾರೆ ಎಂದು ವೀಸಾ ಕಚೇರಿಯವರು ನನ್ನ ವೀಸಾ ತಳ್ಳಿಹಾಕಿದರು. ಕೆಲಸ ಅವನಿಗೂ ಸಿಗಲಿಲ್ಲ, ನನಗೂ ಉಳಿಯಲಿಲ್ಲ. ಅಲ್ಲಿ ದೇವರಿಗೆ ಈಗ ಅಂಗಡಿಯ ಪ್ಯಾಕೆಟ್ ಪೊಂಗಲನ್ನು ಬಿಸಿ ಮಾಡಿ ಇಡುತ್ತಾರಂತೆ. ಯಾವ ಫ್ಯಾಕ್ಟರಿಯಲ್ಲಿ ಯಾರು ಅದರ ರುಚಿ ನೋಡಿದ್ದಾರೋ, ಕೇಳುವವರಿಲ್ಲ. ನನ್ನನ್ನು ಕಳಿಸುವಾಗ ಅಧ್ಯಕ್ಷರು, "ಏನ್ಮಾಡೋದು ಸ್ವಾಮಿ, ದೇಶ ಮೊದ್ಲು ತನ್ನ ಜನಾನ ನೋಡ್ಕೋಬೇಕಲ್ವೇ?" ಎಂದರು. ಒಬ್ಬ ಬಡವನಿಗೆ ಇನ್ನೊಬ್ಬ ಬಡವನನ್ನು ತೋರಿಸಿ, ಇವನೇ ನಿನ್ನ ಕಳ್ಳ ಎನ್ನುವ ಈ ಬುದ್ಧಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಈಗ ನಂಜನಗೂಡಿನಲ್ಲಿ ಮದುವೆ, ಮುಂಜಿಗಳ ಅಡುಗೆ ಒಪ್ಪಿಕೊಳ್ಳುತ್ತೇನೆ. ನಮ್ಮ ಕಡೆಯ ಹುಡುಗರು ಒಲೆಯ ಮುಂದೆ ನಿಲ್ಲುವುದಿಲ್ಲ, ಎಲ್ಲ ಫ್ಯಾಕ್ಟರಿಗೆ ಹೋಗುತ್ತಾರೆ. ನನಗೆ ಸಿಕ್ಕಿರುವ ಸಹಾಯಕ ಒಡಿಶಾದವನು, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದವನು. ಹೋದ ವರ್ಷ ಅದೇ ಅಧ್ಯಕ್ಷರು ಮೊಮ್ಮಗನ ಮುಂಜಿಗೆಂದು ನಂಜನಗೂಡಿಗೆ ಬಂದರು. ಅಡುಗೆ ನನ್ನದೇ ಆಗಬೇಕೆಂದು ಹಟ ಬೇರೆ. ಹೊಟ್ಟೆಪಾಡು, ಒಪ್ಪಿಕೊಂಡೆ. ಛತ್ರದ ಅಡುಗೆಮನೆಗೆ ಇಣುಕಿದವರು ನನ್ನ ಸಹಾಯಕನನ್ನು ಕಂಡು ಮುಖ ಸಿಂಡರಿಸಿದರು.

"ಇಲ್ಲೂ ಹೊರಗಿನೋರೇ ತುಂಬ್ಕೊಂಡ್ರಾ? ಇವನ್ನ ಕಳ್ಸಿಬಿಡಿ ಸ್ವಾಮಿ. ನಮ್ಮೂರೋರು ಯಾರೂ ಸಿಗಲ್ವೇ?"

ಅಲ್ಲಿ ವರ್ಷಗಟ್ಟಲೆ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

"ನಮ್ಮೂರು ಅಂದ್ರೆ ಯಾವ್ದು ಸಾರ್? ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು? ಈ ಅಡುಗೆಮನೇಲಿ ಹೊರಗಿನೋರು ಅಂತ ಇದ್ರೆ ಅದು ನೀವೊಬ್ರೇ. ಅವನು ಹೋದ್ರೆ ನಾನೂ ಹೋಗ್ತೀನಿ. ಎಲೆ ಹಾಕೋ ಹೊತ್ತಾಯ್ತು, ಯೋಚ್ನೆ ಮಾಡಿ."

ನೆಂಟರೆಲ್ಲ ಹಸಿದು ಕೂತಿದ್ದರು. ಅಧ್ಯಕ್ಷರು ಹೊರಗೆ ಹೋದರು.

ತಿರುಗಿ ನೋಡಿದೆ. ನನ್ನ ಸಹಾಯಕನಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. 'ಹೊರಗಿನೋರು' ಎನ್ನುವ ಮಾತು ಮಾತ್ರ ಚೆನ್ನಾಗಿ ಗೊತ್ತು. ಆಗಲೇ ಕೈ ತೊಳೆದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಹಿಂಬಾಗಿಲ ಹತ್ತಿರ ನಿಂತಿದ್ದ.

"ಬ್ಯಾಗ್ ಇಳ್ಸಪ್ಪ" ಎಂದೆ. "ಅನ್ನ ಬಸಿ."