ಕ್ಯಾಬಿನ್ನಿನ ಹಿಂದಿನ ತಗಡು

ತೆಲಸಂಗದ ಬೀರದೇವನ ಪಿಕಪ್ಪಿಗೆ ಇಬ್ಬರು ಡ್ರೈವರುಗಳಿದ್ದರು. ಸ್ಟೇರಿಂಗ್ ಹಿಡಿಯುತ್ತಿದ್ದವನು ಬೀರದೇವ. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ಹೇಳುತ್ತಿದ್ದವಳು ಹಿಂದೆ ಕುರಿಮರಿಗಳ ನಡುವೆ ಕೂರುತ್ತಿದ್ದ ಅವನ ಹೆಂಡತಿ ಸಾವಿತ್ರೆವ್ವ. ಕ್ಯಾಬಿನ್ನಿನ ಹಿಂದಿನ ಗಾಜು ಎಂದೋ ಒಡೆದುಹೋಗಿ, ಅಲ್ಲಿಗೆ ತಗಡು ಹೊಡೆಸಿಯಾಗಿತ್ತು. ಆ ತಗಡಿನ ಮೇಲೆ ಒಂದು ಏಟು ಬಿದ್ದರೆ ನಿಲ್ಲಿಸು, ಎರಡು ಬಿದ್ದರೆ ನಡೆ. ಮರಿ ಕಾಲಡಿ ಸಿಕ್ಕಿತೋ, ಒಂದು ಏಟು. ಕುರಿ ಈಯಲು ಹತ್ತಿತೋ, ಒಂದು ಏಟು. ಈ ಗಂಡ ಹೆಂಡತಿ ಬಾಯಿಗಿಂತ ತಗಡಿನಲ್ಲೇ ಹೆಚ್ಚು ಮಾತಾಡುತ್ತಾರೆ ಎಂದು ಬೀರದೇವನ ತಮ್ಮ ಮಲಕಾರಿ ಚಾಷ್ಟಿ ಮಾಡುತ್ತಿದ್ದ.

ಇವರದು ಹಿಂಡಿನ ಹಿಂದಿನ ಬಾಳು. ಕಬ್ಬು ಕಟಾವಾದ ಮೇಲೆ ನಿಪ್ಪಾಣಿ ಕಡೆ ಹೋಗಿ ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿ ತರುಬುವುದು, ಮುಂಗಾರು ಬಲಿಯುವ ಮೊದಲು ತೆಲಸಂಗದ ಒಣ ಬಯಲಿಗೆ ಮರಳುವುದು. ಅಪ್ಪ ಭರಮು ಎಳೆ ಮರಿಗಳನ್ನು ಕುದುರೆಯ ಮೇಲೆ ಬಲೆಚೀಲದಲ್ಲಿ ಹೇರಿ ತಿರುಗಿದವನು. ಬೀರದೇವ ಹಳೆಯ ಪಿಕಪ್ಪು ತಂದ. ಆ ದಿನದಿಂದ ದೊಡ್ಡ ಕುರಿಗಳು ಭರಮುವಿನ ಜೊತೆ ನಡೆದು ಬರುತ್ತವೆ, ಮರಿಗಳೂ ಪಾತ್ರೆಪಡಗಗಳೂ ಗಾಡಿಯಲ್ಲಿ.

ಈ ವರ್ಷ ಗಾಡಿ ಏರು ಕಂಡರೆ ಮಂಡಿಯೂರತೊಡಗಿತು. ಖಾಲಿ ಗಾಡಿಯೇ ಚಿಕ್ಕೋಡಿಯ ಏರಿನಲ್ಲಿ ಒಂದನೇ ಗೇರಿಗೆ ಬಂದು ನಡುಗಿತು. ತುಂಬಿದ ಗಾಡಿ ಹತ್ತುವುದು ಹೇಗೆ? ಅಣ್ಣತಮ್ಮಂದಿರು ನಿಪ್ಪಾಣಿ ರಸ್ತೆಯ ಗ್ಯಾರೇಜಿಗೆ ಹೋದರು.

"ಎಂಜಿನ್ ಸುಸ್ತ ಆಗೇತಿ ಮಾಲಕ," ಅಂದ ಮಿಸ್ತ್ರಿ ಬಾಪುಸಾಹೇಬ. "ಪಿಸ್ಟನ್ ರಿಂಗ್ ಸವದಾವ, ಟರ್ಬೊ ಮುಗದೈತಿ. ಎಲ್ಲಾ ಬಿಚ್ಚಿ ಹೊಸಾದ ಹಾಕೂಣಂದ್ರ ವಾರ ಬಿಡಬೇಕಾಗತೈತಿ."

"ಮಳಿ ತೆಲಿ ಮ್ಯಾಲ ಬಂದೈತ್ರಿ. ಕುರಿ ಗೊರಸ ಕೊಳಿಯಾಕತ್ತಾವ. ವಾರ ಎಲ್ಲಿಂದ ತರ್ಲಿ?"

"ಮತ್ತ ಜುಗಾಡ ಐತಿ. ಪಂಪಿನ ಸ್ಕ್ರೂ ತಿರವಿ ಡಿಸೇಲ್ ಜಾಸ್ತಿ ಬಿಡ್ತೀನಿ. ಸೈಲೆನ್ಸರ್ ಕೊಯ್ದು ನೇರ ಪೈಪ್ ಹಾಕೂದು. ಸಂಜಿಕ ಹುಲಿ ಆಗತೈತಿ ನೋಡ್ರಿ."

ಹುಲಿ ಎಂಬ ಮಾತಿಗೆ ಮಲಕಾರಿ ಕುಣಿದೇಬಿಟ್ಟ. ಮೊಬೈಲಿನಲ್ಲಿ ಯಾವುದೋ ಪಿಕಪ್ಪು ಗುಡುಗುವ ವಿಡಿಯೊ ಹಾಕಿ ಅಣ್ಣನ ಕಿವಿಗೆ ಹಿಡಿದ. "ಕೇಳ ಅಣ್ಣಾ ಕೇಳ. ನಮ್ಮದು ಹಿಂಗ ಬಂದ್ರ ಊರ ಮಂದಿ ಎದ್ದ ನಿಂದ್ರತಾರ!"

ಬೀರದೇವ ಹೂಂ ಅಂದ. ಕುರಿಯ ಗೊರಸಿಗಾಗಿ ಅಂದನೋ, ಆ ಗುಡುಗಿಗಾಗಿ ಅಂದನೋ, ಆಗ ಕೇಳಿದ್ದರೆ ಗೊರಸು ಎನ್ನುತ್ತಿದ್ದ.

ಸಂಜೆಯ ಹೊತ್ತಿಗೆ ಕರೆಂಟು ಹೋಯಿತು. ಪೈಪು ಹಿಂದಿನ ತುದಿಯವರೆಗೆ ಹೋಗಬೇಕಿತ್ತು, ಆದರೆ ಮರಿ ಹೇರುವ ಹಿಂದಿನ ಡಬ್ಬಿಯ ನಟ್ಟನಡುವೆ, ಹಲಗೆಗಳ ಅಡಿಗೇ ನಿಂತಿತ್ತು. "ಮುಂಜಾನೆ ಬರ್ರಿ, ವೆಲ್ಡಿಂಗ್ ಮಾಡಿ ಹಿಂದಕ ಒಯ್ತೀನಿ," ಅಂದ ಬಾಪುಸಾಹೇಬ. "ಅಥಣ್ಯಾಗ ಮಾಡಸ್ತೀನಿ ಬಿಡ್ರಿ," ಅಂದ ಬೀರದೇವ. ಮಿಸ್ತ್ರಿ ಬಿಟ್ಟ. ಹೊಗೆ ಎಲ್ಲಿ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಹಿಂದೆ ಯಾರು ಕೂರುತ್ತಾರೆ ಎಂದು ಮಾತ್ರ ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ನಮ್ಮ ಕಡೆ ಪಿಕಪ್ಪಿನ ಹಿಂದೆ ಕೂರುವ ಹೆಂಗಸು ಸಾಮಾನಿನ ಲೆಕ್ಕದಲ್ಲಿ ಬರುತ್ತಾಳೆ. ಗಾಡಿ ತಪಾಸಣೆ ಮಾಡಿ ಠಸ್ಸೆ ಹೊಡೆಯುವವರಿಂದ ಹಿಡಿದು ಮನೆಯ ಗಂಡಸರವರೆಗೂ ಅದೇ ಲೆಕ್ಕ.

ಮರುದಿನ ಹೊಲದಲ್ಲಿ ಗಾಡಿ ಚಾಲೂ ಮಾಡಿದಾಗ ಕುರಿಗಳು ದಿಕ್ಕಾಪಾಲಾದವು. ಮರಿಗಳನ್ನು ಹೇರಿ ಸಾವಿತ್ರೆವ್ವ ಹತ್ತಿದಳು, ಗಾಡಿ ಹೊರಟೊಡನೆ ತಗಡಿಗೆ ಒಂದು ಏಟು ಬಡಿದಳು. ಗಾಡಿ ನಿಲ್ಲದೆ ಬದುವಿನವರೆಗೆ ಹೋಯಿತು.

"ನಾ ಬಡದೆ. ಕೇಳಿಸ್ಲಿಲ್ಲೇನ್ರಿ?"

"ಯಾವಾಗ ಬಡದಿ?"

"ವೈನಿ, ಇನ್ನ ನೀ ಡೊಳ್ಳ ತಗೊಂಡ ಕುಂದ್ರು!" ಅಂದ ಮಲಕಾರಿ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕ ಮೇಲೆ ಕೇಳಿದಳು: "ಹಂಗಾದ್ರ ನಾ ಮುಂದ ಕುಂದರ್ತೀನಿ. ಮಲಕಾರಿ ಹಿಂದ ಬರ್ಲಿ."

"ಅವಗೇನ ತಿಳೀತೈತಿ ಮರೀದು? ಮತ್ತ ಮುಂದ ಜಾಗಾ ಎಲ್ಲೈತಿ?"

ಮುಂದೆ ಜಾಗ ಇರಲಿಲ್ಲ, ನಿಜ. ಇಬ್ಬರ ನಡುವೆ ದೇವರ ಡೊಳ್ಳು ಇತ್ತು. ಮಳೆಗೆ ಅದರ ಚರ್ಮ ತೊಯ್ಯಬಾರದಲ್ಲ! ಅವಳ ಕೀಪ್ಯಾಡ್ ಫೋನು ನಡೆದು ಬರುವ ಮಾವ ಭರಮುವಿನ ಕೈಗೆ ಹೋಗಿತ್ತು. ಸಾವಿತ್ರೆವ್ವ ಸೆರಗು ಸಿಕ್ಕಿಸಿ ಮರಿಗಳ ನಡುವೆ ಕೂತಳು. ಮಳೆ ಶುರುವಾಗಿತ್ತು. ಮಲಕಾರಿ ತಾಡಪತ್ರಿ ಎಳೆದು, ಹೊರಗಿನಿಂದ ನಾಲ್ಕೂ ಕಡೆ ಹಗ್ಗ ಬಿಗಿದ.

ಗಾಡಿ ನಿಜಕ್ಕೂ ಹುಲಿಯಾಗಿತ್ತು. ಚಿಕ್ಕೋಡಿಯ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ಕಪ್ಪು ಹೊಗೆ ನೋಡಿ ಹಿಂದಿನ ಬೈಕಿನವರು ದೂರ ಸರಿದರು. ಅದನ್ನು ಕನ್ನಡಿಯಲ್ಲಿ ಕಂಡು ಮಲಕಾರಿ ತೊಡೆ ತಟ್ಟಿದ. ಬೀರದೇವನಿಗೆ ಹರೆಯ ಮರಳಿದಂತಾಗಿತ್ತು. ಏರು ಮುಗಿದರೂ ಎಕ್ಸಲೇಟರಿನ ಮೇಲಿಟ್ಟ ಕಾಲು ಎತ್ತಲು ಮನಸ್ಸಾಗಲಿಲ್ಲ. ಸಾವಿತ್ರಿ ಇಂದು ಎಲ್ಲೂ ನಿಲ್ಲಿಸಲಿಲ್ಲವಲ್ಲ, ಮರಿಗಳು ಸುಮ್ಮನಿವೆ ಎಂದುಕೊಂಡ.

ಅಂಕಲಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಅವಳಿಗೂ ಒಂದು ಕಪ್ಪು ಹಿಡಿದು ಬೀರದೇವ ಹಿಂದೆ ಹೋಗಿ ಹಗ್ಗ ಬಿಚ್ಚಿದ. ಒಳಗಿನಿಂದ ಹೊಗೆ ಅವನ ಮುಖಕ್ಕೆ ಬಂತು. ಮರಿಗಳು ಒಂದರ ಮೇಲೊಂದು ಮಲಗಿದ್ದವು, ಒಂದೂ ಅರಚಲಿಲ್ಲ. ಸಾವಿತ್ರೆವ್ವ ತಗಡಿಗೆ ಒರಗಿ ಕೂತಿದ್ದಳು. ಕೈಯಲ್ಲಿ ಲಟ್ಟಣಿಗೆ ಇತ್ತು. ಪಾತ್ರೆಯ ಗಂಟು ಬಿಚ್ಚಿ ಅದನ್ನು ತೆಗೆದಿದ್ದಳು. ತಗಡಿನ ಮೇಲೆ ಹೊಸ ತಗ್ಗುಗಳು ಬಿದ್ದಿದ್ದವು.

ದವಾಖಾನೆಯಲ್ಲಿ ಡಾಕ್ಟರು ನಾಡಿ ಹಿಡಿದು ಬಿಟ್ಟರು. ಹೊಗೆಯ ವಿಷ ರಕ್ತಕ್ಕೆ ಇಳಿದಿದೆ, ಮೊದಲು ತಲೆ ತಿರುಗಿರಬೇಕು, ಆಮೇಲೆ ನಿದ್ದೆ ಎಂದರು. ಮಂದಿ ಆಯುಷ್ಯ ಅಷ್ಟೇ ಇತ್ತು ಎಂದರು. ಎಷ್ಟು ಅನುಕೂಲದ ಮಾತು! ಪೈಪು ಕೊಯ್ದವನು, ಹಗ್ಗ ಬಿಗಿದವನು, ಡೊಳ್ಳಿಗೆ ಸೀಟು ಕೊಟ್ಟವನು, ಎಲ್ಲರೂ ಆ ಒಂದು ಮಾತಿನ ಅಡಿ ತೊಯ್ಯದೆ ನಿಲ್ಲಬಹುದು. ಹಣೆಬರಹಕ್ಕೆ ನೇರ ಪೈಪು ಹಾಕಿದವರು ಯಾರು ಎಂದು ಯಾರೂ ಕೇಳುವುದಿಲ್ಲ.

ದಿನಕರ್ಮ ಮುಗಿದ ಮೇಲೆ, ಮಾತಾಡಿಸಲು ಬಂದ ಕಾಡಸಿದ್ದ ಎಂಬ ಬೀಗ ಅಂಗಳದಲ್ಲಿದ್ದ ಗಾಡಿಯ ಸುತ್ತ ಎರಡು ಸಲ ತಿರುಗಿದ. ಅವನದೂ ಹಳೆಯ ಪಿಕಪ್ಪು, ಅವನದೂ ಹಿಂಡು.

"ಆಗೂದು ಆಗೇತಿ ಬೀರಣ್ಣ," ಅಂದ ಮೆಲ್ಲಗೆ. "ಆದ್ರ ಗಾಡಿ ಜಗ್ಗೂದು ಭಾರಿ ಆಗೇತಂತ ಮಲಕಾರಿ ಹೇಳಿದ. ಯಾರ ಕಡೆ ಮಾಡಿಸಿದ್ರಿ?"

ಬೀರದೇವ ಅವನ ಮುಖವನ್ನೇ ನೋಡಿದ. ಬೈಯಲಿಲ್ಲ. "ಹಿಂದ ಹತ್ತು," ಅಂದ.

"ಯಾಕ?"

"ಹತ್ತೋ ಮಾರಾಯ. ಹತ್ತಿ ತಗಡ ಬಡಿ. ನಾ ಸಾಕನ್ನೂತನಾ ಬಡಿ."

ಕಾಡಸಿದ್ದ ಹತ್ತಿದ. ಬೀರದೇವ ಕ್ಯಾಬಿನ್ನಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿ, ಎಕ್ಸಲೇಟರು ಒತ್ತಿ, ಕಿವಿಯನ್ನು ತಗಡಿಗೆ ಆನಿಸಿದ. ಗುಡುಗು ಬಿಟ್ಟರೆ ಏನೂ ಕೇಳಲಿಲ್ಲ. ಇನ್ನೂ ಒತ್ತಿದ. ಇಲ್ಲ. ಕೇಳಲು ಸಾಧ್ಯವೇ ಇರಲಿಲ್ಲ ಎಂದು ಒಂದು ಗಳಿಗೆ ಅವನ ಎದೆ ಹಗುರಾಯಿತು.

ಆಮೇಲೆ ಕಾಲು ಎತ್ತಿದ. ಎಂಜಿನ್ ತಗ್ಗಿತು.

ತಗಡಿನ ಸದ್ದು ಕೇಳಿಸಿತು. ಒಂದೊಂದೇ ಏಟು, ಸ್ಪಷ್ಟವಾಗಿ.

ಬೀರದೇವ ಸಾಕು ಅನ್ನಲಿಲ್ಲ. ಕಾಡಸಿದ್ದ ಬಡಿಯುತ್ತಲೇ ಇದ್ದ.